ಅಲೆಕ್ಸಾಂಡ್ರಿಯಾಕ್ಕೆ ಟಿಕೆಟ್ ಬುಕ್ ಮಾಡೋ ಮುಂಚೆ

ಭಾಗ 1

ಮೆಡಿಟರೇನಿಯನ್ ಅಂದ ತಕ್ಷಣ ನಿಮ್ಮ ಫೀಡ್‌ನಲ್ಲಿ ಬರೋದು ಸಾಂಟೊರಿನಿಯ ಬಿಳಿ ಗೋಡೆ, ನೀಲಿ ಗುಮ್ಮಟ. ಇಲ್ಲಾಂದ್ರೆ ವೆನಿಸ್‌ನ ದೋಣಿ. ಚೆನ್ನಾಗಿದೆ, ಬೇಡ ಅನ್ನಲ್ಲ. ಆದರೆ ಈ ಸಲದ ಸರಣಿ ಅದೇ ಸಮುದ್ರದ ದಕ್ಷಿಣ ದಡದಲ್ಲಿರೋ ಊರಿನ ಬಗ್ಗೆ: ಈಜಿಪ್ಟಿನ ಅಲೆಕ್ಸಾಂಡ್ರಿಯಾ.

ಮೊದಲೇ ಹೇಳಿಬಿಡ್ತೀನಿ. ಶಾಲೆ ಪುಸ್ತಕದಲ್ಲಿ ಈ ಊರಿನ ಬಗ್ಗೆ ಓದಿದ ದೊಡ್ಡ ದೊಡ್ಡ ವಿಷಯ ಯಾವುದೂ ಅಲ್ಲಿ ಕಣ್ಣಿಗೆ ಬೀಳಲ್ಲ. ಏಳು ಅದ್ಭುತಗಳಲ್ಲಿ ಒಂದಾಗಿದ್ದ ದೀಪಸ್ತಂಭ ಇಲ್ಲ. ಆ ಪ್ರಸಿದ್ಧ ಗ್ರಂಥಾಲಯ ಇಲ್ಲ. ಅಲೆಕ್ಸಾಂಡರನ ಸಮಾಧಿ ಎಲ್ಲಿದೆ ಅಂತ ಇವತ್ತಿಗೂ ಪತ್ತೆಯಾಗಿಲ್ಲ. ಕ್ಲಿಯೋಪಾತ್ರಳ ಅರಮನೆ ಇದ್ದ ಭಾಗ ಸಮುದ್ರದ ತಳ ಸೇರಿದೆ. ಹಂಪಿಗೆ ಹೋದ ಹಾಗೆ "ಹೋಗಿ ನೋಡೋಣ" ಅಂತ ಹೋದರೆ ಬೇಜಾರಾಗೋದು ಗ್ಯಾರಂಟಿ. ಈ ಊರಿಗೆ ಪ್ಲಾನ್ ಮಾಡೋದು ಅಂದ್ರೆ ಅರ್ಧ ಟಿಕೆಟ್ ಕೆಲಸ, ಇನ್ನರ್ಧ ಓದಿನ ಕೆಲಸ. ಎರಡನ್ನೂ ಒಟ್ಟಿಗೆ ಮಾಡೋಣ ಬನ್ನಿ.

ಭಾಗ 2

ಟಿಕೆಟ್ ವಿಷಯ ಬೇಗ ಮುಗಿಸ್ತೀನಿ.

ಬೆಂಗಳೂರಿಂದ ನೇರ ವಿಮಾನ ಇಲ್ಲ. ಗಲ್ಫ್‌ನ ಯಾವುದಾದರೂ ಊರಲ್ಲಿ ವಿಮಾನ ಬದಲಾಯಿಸಿ ಸೀದಾ ಅಲೆಕ್ಸಾಂಡ್ರಿಯಾಕ್ಕೆ ಹೋಗಬಹುದು. ಅಲ್ಲಿನ ಏರ್‌ಪೋರ್ಟ್ ಹೆಸರು ಬೋರ್ಗ್ ಅಲ್ ಅರಬ್, ಕೋಡ್ ಎಚ್‌ಬಿಇ. ಕೋಡ್ ನೋಡಿಯೇ ಬುಕ್ ಮಾಡಿ. ಅಮೆರಿಕದ ಲೂಸಿಯಾನದಲ್ಲೂ ಒಂದು ಅಲೆಕ್ಸಾಂಡ್ರಿಯಾ ಇದೆ, ಅದಕ್ಕೂ ಏರ್‌ಪೋರ್ಟ್ ಇದೆ! ಬೋರ್ಗ್ ಅಲ್ ಅರಬ್ ಊರಿಂದ ಸುಮಾರು 40 ಕಿ.ಮೀ. ಆಚೆ ಇದೆ. ದೇವನಹಳ್ಳಿ ಅಭ್ಯಾಸ ಇರೋರಿಗೆ ಇದೇನು ಹೊಸದಲ್ಲ.

ಇನ್ನೊಂದು ದಾರಿ, ಕೈರೋಗೆ ಹೋಗಿ ಅಲ್ಲಿಂದ ರೈಲು. ಸುಮಾರು 200 ಕಿ.ಮೀ., ಒಳ್ಳೆ ರೈಲಾದರೆ ಎರಡೂವರೆಯಿಂದ ಮೂರು ಗಂಟೆ. ನನ್ನ ಓಟು ಈ ದಾರಿಗೇ. ಯಾಕಂದ್ರೆ ಇದು ಆಫ್ರಿಕಾ ಖಂಡದ ಮೊದಲ ರೈಲು ಮಾರ್ಗ. ಮೊದಲ ಭಾಗ 1854ರಲ್ಲಿ ಓಡಿತು, 1856ರ ಹೊತ್ತಿಗೆ ಕೈರೋ ಮುಟ್ಟಿತು. ಅಷ್ಟು ಬೇಗ ಅಲ್ಲಿ ರೈಲು ಯಾಕೆ ಬಂತು ಗೊತ್ತಾ? ದೊಡ್ಡ ಕಾರಣ ಭಾರತ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚೆ ಆಫ್ರಿಕಾ ಸುತ್ತಿ ಬರೋದು ಬೇಡ ಅಂದ್ರೆ ಇಂಗ್ಲೆಂಡಿನ ಟಪಾಲು, ಪ್ರಯಾಣಿಕರು ಹಡಗಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಬಂದು, ನೆಲದ ಮೇಲೆ ಸೂಯೆಜ್ ತಲುಪಿ, ಅಲ್ಲಿಂದ ಇನ್ನೊಂದು ಹಡಗಲ್ಲಿ ಬೊಂಬಾಯಿಗೆ ಹೊರಡಬೇಕಿತ್ತು.

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ನಿಯಮ ಆಗಾಗ ಬದಲಾಗುತ್ತೆ. ಯಾರದೋ ಹಳೇ ರೀಲ್ ನಂಬ್ಕೊಂಡು ಹೊರಡಬೇಡಿ, ದೂತಾವಾಸದ ಸೈಟನ್ನೇ ನೋಡಿ. ಚಳಿಗಾಲದಲ್ಲಿ ಅಲ್ಲಿ ಮಳೆ, ಗಾಳಿ, ರಸ್ತೆಗೇ ಎಗರೋ ಅಲೆ. ಕೈರೋದಲ್ಲಿ ಬಿಸಿಲಿದೆ ಅಂತ ಇಲ್ಲೂ ಇರುತ್ತೆ ಅನ್ಕೋಬೇಡಿ. ಅಕ್ಟೋಬರ್ ಅಥವಾ ಏಪ್ರಿಲ್ ಒಳ್ಳೇದು. ರಂಜಾನ್ ತಿಂಗಳು ಯಾವಾಗ ಬರುತ್ತೆ ಅಂತ ಮೊದಲೇ ನೋಡ್ಕೊಳ್ಳಿ, ಆಗ ಮ್ಯೂಸಿಯಂ ಸಮಯ ಬದಲಾಗುತ್ತೆ.

ಸಸ್ಯಾಹಾರಿಗಳು ಹೆದರೋ ಅಗತ್ಯ ಇಲ್ಲ. ಅವರೆಯಂಥ ದಪ್ಪ ಕಾಳನ್ನು ಬೇಯಿಸಿದ ಫೂಲ್ ಇದೆ, ಅದೇ ಕಾಳಿನ ವಡೆ ತಾಮಿಯಾ ಇದೆ. ಅನ್ನ, ಬೇಳೆ, ಮ್ಯಾಕರೋನಿ ಎಲ್ಲ ಸೇರಿಸಿದ ಕೊಶರಿ ಇದೆ. ಅದು ನಮ್ಮ ಕಿಚಡಿಯ ದೂರದ ನೆಂಟ ಅಂತ ತುಂಬಾ ಜನ ಹೇಳ್ತಾರೆ.

ಭಾಗ 3

ಈಗ ವಿಮಾನದ್ದೇ ಒಂದು ಕಥೆ. ಇದನ್ನ ಓದಿದ ಮೇಲೆ ಆ ಊರಿನ ರನ್‌ವೇ ಬರೀ ರನ್‌ವೇ ಆಗಿ ಕಾಣಲ್ಲ.

1929ರ ಮಾರ್ಚ್ 30. ಇಂಪೀರಿಯಲ್ ಏರ್‌ವೇಸ್ ಲಂಡನ್‌ನಿಂದ ಕರಾಚಿಗೆ ಸೇವೆ ಶುರು ಮಾಡಿತು. ಒಟ್ಟು 7 ದಿನದ ಪ್ರಯಾಣ. ಮಧ್ಯೆ ಸ್ವಲ್ಪ ದೂರ ರೈಲು. ಇಟಲಿಯ ಜಿನೋವಾದಿಂದ ನೀರಿನ ಮೇಲೆ ಇಳಿಯೋ ವಿಮಾನ, ಅದು ಮೆಡಿಟರೇನಿಯನ್ ದಾಟಿ ಅಲೆಕ್ಸಾಂಡ್ರಿಯಾದಲ್ಲಿ ಇಳೀತಿತ್ತು. ಅಲ್ಲಿಂದ ನೆಲದ ವಿಮಾನ: ಗಾಜಾ, ಬಾಗ್ದಾದ್, ಬಸ್ರಾ, ಆಮೇಲೆ ಕರಾಚಿ. ಅಂದ್ರೆ ಭಾರತದ ಮೊದಲ ಅಂತರರಾಷ್ಟ್ರೀಯ ವಿಮಾನ ದಾರಿಯ ಜಂಕ್ಷನ್ ಇದೇ ಅಲೆಕ್ಸಾಂಡ್ರಿಯಾ.

ಮರುವರ್ಷ, 1930. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬನೇ ವಿಮಾನ ಹಾರಿಸುವ ಮೊದಲ ಭಾರತೀಯನಿಗೆ ಆಗಾ ಖಾನ್ 500 ಪೌಂಡ್ ಬಹುಮಾನ ಇಟ್ಟಿದ್ದರು. ಸ್ಪರ್ಧೆಯಲ್ಲಿದ್ದ ಒಬ್ಬರು ಜೆ.ಆರ್.ಡಿ. ಟಾಟಾ, ವಯಸ್ಸು 25, ಕರಾಚಿಯಿಂದ ಲಂಡನ್ ಕಡೆ ಹೊರಟವರು. ಇನ್ನೊಬ್ಬ ಆಸ್ಪಿ ಎಂಜಿನಿಯರ್, ಲಂಡನ್‌ನಿಂದ ಕರಾಚಿ ಕಡೆ ಹೊರಟವನು. ವಯಸ್ಸು ಕೇಳಿ, 17! ನಮ್ಮಲ್ಲಿ ಹೆಚ್ಚಿನವರು ಆ ವಯಸ್ಸಲ್ಲಿ ಪಿಯುಸಿ ಟ್ಯೂಷನ್‌ಗೆ ಸೈಕಲ್ ತುಳೀತಿರ್ತೀವಿ.

ಇಬ್ಬರೂ ಎದುರುಬದುರಾಗಿ ಬಂದವರು. ಅಲೆಕ್ಸಾಂಡ್ರಿಯಾದ ಪಕ್ಕದ ಅಬೂಕಿರ್‌ನಲ್ಲಿ ಜೆ.ಆರ್.ಡಿ. ಇಳಿದಾಗ ಆಸ್ಪಿ ಅಲ್ಲೇ ಸಿಕ್ಕಿಹಾಕ್ಕೊಂಡಿದ್ದ. ಸ್ಪಾರ್ಕ್ ಪ್ಲಗ್ ಕೆಟ್ಟಿತ್ತು, ಬೇರೆ ಇರಲಿಲ್ಲ. ಜೆ.ಆರ್.ಡಿ. ಹತ್ತಿರ ಹೆಚ್ಚುವರಿ ಇದ್ದವು, ಕೊಟ್ಟುಬಿಟ್ಟರು. ಬದಲಿಗೆ ಆಸ್ಪಿ ತನ್ನ ಲೈಫ್ ಜಾಕೆಟ್ ಕೊಟ್ಟ. ಇಬ್ಬರೂ ತಮ್ಮ ತಮ್ಮ ದಿಕ್ಕಿಗೆ ಹಾರಿದರು. ಗೆದ್ದಿದ್ದು ಆಸ್ಪಿ, ಕೆಲವೇ ಗಂಟೆಗಳ ಅಂತರದಲ್ಲಿ. ಮುಂದೆ ಅವರೇ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಇದು ಇಲ್ಲಿಗೆ ಮುಗಿಯಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಅಹಮದಾಬಾದ್ ಮೇಲೆ ಬೊಂಬಾಯಿಗೆ ಟಪಾಲು ಹೊತ್ತು ಹಾರಿದರು. ಅಲ್ಲಿಂದ ಮುಂದಕ್ಕೆ ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಅವರು ಮಧ್ಯೆ ಇಳಿದ ಊರು ಯಾವುದು ಹೇಳಿ ನೋಡೋಣ? ಬಳ್ಳಾರಿ! ಕರಾಚಿಗೆ ಆ ವಿದೇಶಿ ಟಪಾಲು ಬರ್ತಾ ಇದ್ದದ್ದು ಇಂಪೀರಿಯಲ್ ಏರ್‌ವೇಸ್‌ನ ಈಜಿಪ್ಟ್ ದಾರಿಯಲ್ಲೇ. ಬಳ್ಳಾರಿಯ ಗೆಳೆಯರೇ, ನಿಮ್ಮೂರಿಗೂ ಮೆಡಿಟರೇನಿಯನ್‌ಗೂ 90 ವರ್ಷದ ಹಿಂದೇನೇ ಕನೆಕ್ಟಿಂಗ್ ಫ್ಲೈಟ್ ಇತ್ತು ಅಂತ ಧೈರ್ಯವಾಗಿ ಹೇಳ್ಕೊಳ್ಳಿ.

ಭಾಗ 4

ಇಳಿಯುವಾಗ ಕಿಟಕಿ ಸೀಟು ಸಿಕ್ಕಿ ಆಕಾಶ ತಿಳಿಯಾಗಿದ್ದರೆ ಊರಿನ ಆಕಾರ ಕಾಣಬಹುದು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರಿಯುಟ್ ಸರೋವರ, ನಡುವೆ ಉದ್ದಕ್ಕೆ ಹರಡಿಕೊಂಡ ಊರು. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಈ ಪಟ್ಟಿಯನ್ನು ಆರಿಸಿಕೊಂಡ. ಅವನ ಜೊತೆಗಿದ್ದವರ ಹತ್ತಿರ ನಕ್ಷೆ ಎಳೆಯೋಕೆ ಸೀಮೆಸುಣ್ಣ ಇರಲಿಲ್ಲವಂತೆ. ಅದಕ್ಕೆ ಬಾರ್ಲಿ ಹಿಟ್ಟಿನಿಂದ ನೆಲದ ಮೇಲೆ ಗೆರೆ ಎಳೆದರು. ಹಕ್ಕಿಗಳು ಹಿಂಡುಹಿಂಡಾಗಿ ಬಂದು ಹಿಟ್ಟು ತಿಂದುಬಿಟ್ಟವು. ಅಪಶಕುನ ಅಂತ ಅಲೆಕ್ಸಾಂಡರ್ ಗಾಬರಿಯಾದರೆ, ಶಕುನ ಹೇಳೋರು "ಇಲ್ಲ, ಈ ಊರು ಬಹಳ ಜನಕ್ಕೆ ಅನ್ನ ಹಾಕುತ್ತೆ" ಅಂದರಂತೆ. ಪ್ಲುಟಾರ್ಕ್ ಹೇಳುವ ಕಥೆ ಇದು. ಗೆರೆ ಎಳೆದರೆ ಇರುವೆ, ಗುಬ್ಬಿಗೆ ಊಟ ಅನ್ನೋದು ಹಿಟ್ಟಿನ ರಂಗೋಲಿ ಹಾಕೋ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದಡದ ಎದುರಿಗೆ ಫಾರೋಸ್ ಅನ್ನೋ ಪುಟ್ಟ ದ್ವೀಪ ಇತ್ತು. ಅದಕ್ಕೂ ದಡಕ್ಕೂ ಸುಮಾರು 1.2 ಕಿ.ಮೀ. ಉದ್ದದ ಒಡ್ಡು ಕಟ್ಟಿದರು. ಶತಮಾನಗಳು ಕಳೆದ ಹಾಗೆ ಒಡ್ಡಿನ ಎರಡೂ ಕಡೆ ಮರಳು ಕೂತು ಅದೇ ಅಗಲವಾದ ನೆಲ ಆಯ್ತು. ಇವತ್ತು ಆ ನೆಲದ ಮೇಲೆ ಅಂಗಡಿ, ಮನೆ, ಟ್ರಾಫಿಕ್ ಎಲ್ಲ ಇದೆ.

ಭಾಗ 5

ಇದು ಸರಣಿಯ ಉದ್ದದ ಭಾಗ. ಬೇರೆ ಯಾವುದನ್ನ ಬಿಟ್ಟರೂ ಇದನ್ನ ಬಿಡಬೇಡಿ.

"ಅಲೆಕ್ಸಾಂಡ್ರಿಯಾದ ಗ್ರಂಥಾಲಯ ಸುಟ್ಟವರು ಯಾರು?" ವಾಟ್ಸಾಪ್‌ನಲ್ಲಿ ಈ ಪ್ರಶ್ನೆಗೆ ಉತ್ತರ ಬರುವಾಗ ಕಳಿಸಿದವರಿಗೆ ಯಾರ ಮೇಲೆ ಕೋಪ ಇದೆಯೋ ಅವರ ಹೆಸರೇ ಇರುತ್ತೆ. ಒಬ್ಬರಿಗೆ ಸೀಸರ್, ಇನ್ನೊಬ್ಬರಿಗೆ ಕ್ರೈಸ್ತರು, ಮತ್ತೊಬ್ಬರಿಗೆ ಮುಸ್ಲಿಮರು. ಆ ಊರಿಗೆ ಹೋಗೋ ಮೊದಲು ಈ ಲೆಕ್ಕ ಸರಿ ಮಾಡ್ಕೊಳ್ಳೋಣ. ಎರಡು ಸಾವಿರ ವರ್ಷದ ಹಿಂದಿನ ಬೆಂಕಿ ಹಿಡ್ಕೊಂಡು ಇವತ್ತಿನ ಮನುಷ್ಯರನ್ನ ಸುಡೋಕೆ ಹೊರಟವರನ್ನ ನಾವೆಲ್ಲ ನಮ್ಮದೇ ಗ್ರೂಪುಗಳಲ್ಲಿ ನೋಡಿದೀವಿ.

ಮೊದಲು, ಅದು ಎಂಥ ಜಾಗ ಅಂತ. ಕ್ರಿ.ಪೂ. 3ನೇ ಶತಮಾನದಲ್ಲಿ ಟಾಲೆಮಿ ವಂಶದ ರಾಜರು ಕಟ್ಟಿಸಿದ್ದು. ವಿದ್ವಾಂಸರಿಗೆ ಊಟ, ವಸತಿ, ಸಂಬಳ ಎಲ್ಲ ಅರಮನೆಯ ಖರ್ಚು. ಪುಸ್ತಕದ ಹುಚ್ಚು ಎಷ್ಟಿತ್ತು ಅಂದ್ರೆ, ಬಂದರಿಗೆ ಬರೋ ಹಡಗಲ್ಲಿ ಪುಸ್ತಕ ಇದ್ದರೆ ವಶಕ್ಕೆ ತಗೊಂಡು, ನಕಲು ಮಾಡಿಸಿ, ಮೂಲವನ್ನು ತಾವೇ ಇಟ್ಕೊಂಡು ನಕಲನ್ನ ಮಾಲೀಕರಿಗೆ ಕೊಡ್ತಿದ್ದರು. ಅಥೆನ್ಸ್‌ನಿಂದ ನಾಟಕಗಳ ಅಧಿಕೃತ ಪ್ರತಿಗಳನ್ನ 15 ಟ್ಯಾಲೆಂಟ್ ಬೆಳ್ಳಿ ಠೇವಣಿ ಇಟ್ಟು ತರಿಸಿದ ರಾಜ, ಠೇವಣಿ ಹೋದರೆ ಹೋಗಲಿ ಅಂತ ಮೂಲ ಪ್ರತಿ ವಾಪಸ್ ಕೊಡಲೇ ಇಲ್ಲ. ಇವೆರಡನ್ನೂ ಬರೆದಿಟ್ಟವನು ವೈದ್ಯ ಗೇಲನ್. ಸೀನಿಯರ್‌ಗೆ ನೋಟ್ಸ್ ಕೊಟ್ಟು ಕಳ್ಕೊಂಡವರಿಗೆ ಅಥೆನ್ಸಿನವರ ನೋವು ಗೊತ್ತಾಗುತ್ತೆ.

ಅಲ್ಲಿನ ಗ್ರಂಥಪಾಲ ಎರಟೋಸ್ತನೀಸ್ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ದಕ್ಷಿಣದ ಸಯೀನ್ ಊರಲ್ಲಿ (ಇವತ್ತಿನ ಆಸ್ವಾನ್) ವರ್ಷದ ಒಂದು ದಿನ ಮಧ್ಯಾಹ್ನ ನೆರಳೇ ಬೀಳಲ್ಲ, ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯಾದಲ್ಲಿ ವೃತ್ತದ 50ನೇ ಒಂದು ಭಾಗದಷ್ಟು ಕೋನದ ನೆರಳು ಬೀಳುತ್ತೆ. ಹಾಗಾದರೆ ಎರಡು ಊರಿನ ನಡುವಿನ ದೂರಕ್ಕೆ 50ರಿಂದ ಗುಣಿಸಿದರೆ ಆಯ್ತಲ್ಲ! ಬೆಂಗಳೂರಿನ ಶೂನ್ಯ ನೆರಳಿನ ದಿನ ಏಪ್ರಿಲ್ 24ರ ಸುಮಾರಿಗೆ ಬರುತ್ತೆ. ಬಾಟಲಿ ನಿಲ್ಲಿಸಿ ಫೋಟೋ ಹಾಕ್ತೀರಲ್ಲ, ಅದೇ ತತ್ವ.

ಈಗ ಬೆಂಕಿ. ಕ್ರಿ.ಪೂ. 48ರಲ್ಲಿ ಜೂಲಿಯಸ್ ಸೀಸರ್ ಬಂದರಿನ ಹಡಗುಗಳಿಗೆ ಬೆಂಕಿ ಇಟ್ಟ. ಅದು ದಡಕ್ಕೂ ಹಬ್ಬಿತು, ಪುಸ್ತಕಗಳು ಸುಟ್ಟವು. ಎಷ್ಟು ಅನ್ನೋದಕ್ಕೆ ಹಳಬರ ಲೆಕ್ಕ ಒಬ್ಬರದ್ದು ಇನ್ನೊಬ್ಬರಿಗೆ ಹೊಂದಲ್ಲ. ಆದರೆ ಕೆಲವು ದಶಕದ ಮೇಲೆ ಆ ಊರಲ್ಲಿದ್ದ ಸ್ಟ್ರಾಬೊ, ವಿದ್ವಾಂಸರ ಸಂಸ್ಥೆ ಇನ್ನೂ ನಡೀತಿರೋದನ್ನ ಬರೀತಾನೆ. ಸುಮಾರು ಕ್ರಿ.ಶ. 272ರಲ್ಲಿ ರೋಮನ್ ಚಕ್ರವರ್ತಿ ಔರೇಲಿಯನ್ನನ ಯುದ್ಧದಲ್ಲಿ ಅರಮನೆಯ ಬಡಾವಣೆಯೇ ಹಾಳಾಯ್ತು. 391ರ ಸುಮಾರಿಗೆ ಬಿಷಪ್ ಥಿಯೋಫಿಲಸ್‌ನ ಕಾಲದಲ್ಲಿ ಸೆರಾಪಿಸ್ ದೇವಾಲಯವನ್ನ ಕೆಡವಿದರು. ಗ್ರಂಥಾಲಯದ ಶಾಖೆಯೊಂದು ಹಿಂದೆ ಅಲ್ಲಿತ್ತು. 415ರಲ್ಲಿ ಗಣಿತಜ್ಞೆ ಹೈಪೇಷಿಯಾಳನ್ನ ಕ್ರೈಸ್ತರ ಗುಂಪೊಂದು ಕೊಂದಿತು. ಇದು ನಡೆದದ್ದೇ, ಮುಚ್ಚಿಡೋ ಹಾಗಿಲ್ಲ.

ಹಾಗಾದರೆ ಅರಬರು? ಅವರು ಊರು ಗೆದ್ದಿದ್ದು 641-42ರಲ್ಲಿ. ಖಲೀಫ ಉಮರ್ "ಕುರಾನಿನಲ್ಲಿ ಇರೋದೇ ಇದ್ದರೆ ಆ ಪುಸ್ತಕ ಬೇಡ, ಇಲ್ಲದ್ದು ಇದ್ದರೂ ಬೇಡ" ಅಂತ ಹೇಳಿ, ಸ್ನಾನದ ಮನೆಗಳ ಒಲೆಗೆ ಆರು ತಿಂಗಳು ಪುಸ್ತಕ ಹಾಕಿಸಿದ ಅನ್ನೋ ಕಥೆ ಓದಿರ್ತೀರಿ. ಆ ಕಥೆ ಕಾಣಿಸಿಕೊಳ್ಳೋದೇ ಸುಮಾರು 13ನೇ ಶತಮಾನದ ಬರಹಗಳಲ್ಲಿ. ಅಂದ್ರೆ ಘಟನೆ ನಡೀತು ಅನ್ನೋ ಕಾಲಕ್ಕೂ ಬರೆದ ಕಾಲಕ್ಕೂ ಐನೂರು ವರ್ಷಕ್ಕಿಂತ ಹೆಚ್ಚು ಅಂತರ. ಆ ಗೆಲುವಿನ ಬಗ್ಗೆ ಅದೇ ಶತಮಾನದಲ್ಲಿ ಬರೆದ ಈಜಿಪ್ಟಿನ ಕ್ರೈಸ್ತ ಬಿಷಪ್ ಕೂಡ ಇದನ್ನ ಹೇಳಲ್ಲ. 18ನೇ ಶತಮಾನದಲ್ಲೇ ಇತಿಹಾಸಕಾರ ಗಿಬ್ಬನ್ ಇದನ್ನ ನಂಬೋಕೆ ಆಗಲ್ಲ ಅಂದಿದ್ದ.

ನನಗೆ ಬೆಂಕಿಗಿಂತ ಹೆಚ್ಚು ಕಾಡೋದು ಕ್ರಿ.ಪೂ. 145. ಆಗ ಪಟ್ಟಕ್ಕೆ ಬಂದ ಎಂಟನೇ ಟಾಲೆಮಿಗೆ ತನ್ನ ವಿರೋಧಿಗಳ ಜೊತೆಗಿದ್ದ ವಿದ್ವಾಂಸರ ಮೇಲೆ ಸಿಟ್ಟು. ಅವರನ್ನ ಊರು ಬಿಡಿಸಿದ. ಗ್ರಂಥಪಾಲ ಅರಿಸ್ಟಾರ್ಕಸ್ ಸೈಪ್ರಸ್‌ಗೆ ಓಡಿಹೋದ. ಗ್ರಂಥಪಾಲರ ಹೆಸರಿನ ಹಳೇ ಪಟ್ಟಿಯೊಂದು ಈಜಿಪ್ಟಿನ ಮರಳಲ್ಲಿ ಸಿಕ್ಕಿದೆ. ಅದರಲ್ಲಿ ಅರಿಸ್ಟಾರ್ಕಸ್‌ನ ನಂತರದ ಹೆಸರು ಸೈಡಸ್, ಭರ್ಜಿ ಹಿಡಿಯೋ ದಳದವನು! ಪುಸ್ತಕ ಒಂದೂ ಸುಡಲಿಲ್ಲ, ಕುರ್ಚಿ ಮಾತ್ರ ಬದಲಾಯ್ತು.

ಇನ್ನೊಂದು ವಿಷಯ, ಪಪೈರಸ್. ನಮ್ಮ ಓಲೆಗರಿ ಹಾಗೇ ಅದನ್ನೂ ಕಾಲಕಾಲಕ್ಕೆ ಹೊಸದಾಗಿ ನಕಲು ಮಾಡ್ತಾ ಇರಬೇಕು. ಸಮುದ್ರದ ತೇವಕ್ಕೆ ಬಾಳಿಕೆ ಕಡಿಮೆ. ನಕಲು ಮಾಡೋರಿಗೆ ಸಂಬಳ ನಿಂತರೆ ಬೆಂಕಿ ಇಲ್ಲದೇನೇ ಗ್ರಂಥಾಲಯ ಸಾಯುತ್ತೆ. ಅದಕ್ಕೇ ಈಜಿಪ್ಟಿನ ಪಪೈರಸ್ ಹಾಳೆಗಳು ಹೆಚ್ಚಾಗಿ ಸಿಕ್ಕಿರೋದು ಒಣ ಮರಳಿನ ಊರುಗಳಲ್ಲಿ, ಅಲೆಕ್ಸಾಂಡ್ರಿಯಾದಲ್ಲಿ ಅಲ್ಲ.

2002ರಲ್ಲಿ ಕಡಲ ದಂಡೆಯಲ್ಲೇ ಹೊಸ ಗ್ರಂಥಾಲಯ ತೆರೆದಿದೆ. ಸೂರ್ಯನ ಹಾಗೆ ವಾಲಿದ ದೊಡ್ಡ ತಟ್ಟೆ, ಹೊರಗೋಡೆಯ ಗ್ರಾನೈಟ್ ಮೇಲೆ ಜಗತ್ತಿನ ಹತ್ತಾರು ಲಿಪಿಗಳ ಅಕ್ಷರ. ಒಳಗೆ ಕಾಲೇಜು ಹುಡುಗ ಹುಡುಗಿಯರು ಪರೀಕ್ಷೆಗೆ ಓದ್ತಾ ಕೂತಿರ್ತಾರೆ, ಸೆಲ್ಫಿ ತಗೊಳ್ಳುವಾಗ ಸದ್ದು ಕಮ್ಮಿ ಇರಲಿ.

ಭಾಗ 6

ಇದು ಶಿರಸಿ, ಸೊರಬ, ಬಾದಾಮಿ ಕಡೆಯವರಿಗೆ.

ಕ್ರಿ.ಶ. 2ನೇ ಶತಮಾನದಲ್ಲಿ ಈ ಊರಲ್ಲಿ ಇನ್ನೊಬ್ಬ ಟಾಲೆಮಿ ಇದ್ದ. ರಾಜ ಅಲ್ಲ, ಖಗೋಳ ಬಲ್ಲವನು. ವ್ಯಾಪಾರಿಗಳು, ನಾವಿಕರು ಹೇಳಿದ್ದು, ಹಳಬರು ಬರೆದದ್ದು ಎಲ್ಲ ಸೇರಿಸಿ ಜಗತ್ತಿನ ಊರುಗಳ ಪಟ್ಟಿ ಮಾಡಿದ, ಪ್ರತಿಯೊಂದಕ್ಕೂ ಅಕ್ಷಾಂಶ ರೇಖಾಂಶ ಕೊಟ್ಟ. ಆ ಪಟ್ಟಿಯಲ್ಲಿ ನಮ್ಮ ಬನವಾಸಿ ಇದೆ! ಬಾದಾಮಿಯನ್ನೂ ವಿದ್ವಾಂಸರು ಅದರಲ್ಲಿ ಗುರುತಿಸ್ತಾರೆ. ಕದಂಬರು ಅಲ್ಲಿ ರಾಜ್ಯ ಕಟ್ಟೋಕೆ ಸುಮಾರು ಇನ್ನೂರು ವರ್ಷ ಮುಂಚೆ ವರದಾ ನದಿಯ ದಂಡೆಯ ಊರಿನ ಹೆಸರು ಮೆಡಿಟರೇನಿಯನ್ ದಡದ ಒಂದು ಮೇಜಿನ ಮೇಲೆ ಬರೆಯಲ್ಪಟ್ಟಿತ್ತು.

ಅವನ ನಕ್ಷೆ ಸರಿಯಿಲ್ಲ ಬಿಡಿ. ಭಾರತದ ಪರ್ಯಾಯ ದ್ವೀಪವನ್ನೇ ಚಪ್ಪಟೆ ಮಾಡಿದ್ದಾನೆ, ಶ್ರೀಲಂಕಾವನ್ನ ವಿಪರೀತ ಉಬ್ಬಿಸಿದ್ದಾನೆ. ಕಣ್ಣಲ್ಲಿ ನೋಡದ ದೇಶಕ್ಕೆ ಕೂತಲ್ಲೇ ಲೊಕೇಶನ್ ಪಿನ್ ಹಾಕಿದರೆ ಹಾಗೇ.

ಆ ಹೆಸರುಗಳು ಅವನಿಗೆ ತಲುಪಿದ್ದು ಮೆಣಸಿನ ದಾರಿಯಲ್ಲಿ. ಮಳೆಗಾಲದ ಗಾಳಿ ಹಿಡಿದು ಕೆಂಪು ಸಮುದ್ರದಿಂದ ನಮ್ಮ ಪಶ್ಚಿಮ ಕರಾವಳಿಗೆ ಹಡಗುಗಳು ಬರ್ತಿದ್ದವು. ಒಂದೇ ಬಂದರಿನಿಂದ ವರ್ಷಕ್ಕೆ 120 ಹಡಗು ಹೊರಡುತ್ತೆ ಅಂತ ಸ್ಟ್ರಾಬೊ ಬರೀತಾನೆ. ವಾಪಸ್ ಹೋದ ಸರಕು ಒಂಟೆ ಮೇಲೆ ಮರುಭೂಮಿ ದಾಟಿ, ನೈಲ್ ನದಿಯ ದೋಣಿಯಲ್ಲಿ ಅಲೆಕ್ಸಾಂಡ್ರಿಯಾ ತಲುಪಿ ಅಲ್ಲಿಂದ ರೋಮ್‌ಗೆ. ಸುಂಕ 25%. ಜಿಎಸ್‌ಟಿ ಬಗ್ಗೆ ಗೊಣಗೋರು ಗಮನಿಸಿ. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಗುಡಿಯೊಂದರಲ್ಲಿ ಭಾರತದ ಮಡಕೆ ಸಿಕ್ಕಿತು, ಒಳಗೆ ಏಳೂವರೆ ಕಿಲೋ ಕರಿಮೆಣಸು, ಎರಡು ಸಾವಿರ ವರ್ಷದ್ದು.

ಭಾಗ 7

ದೀಪಸ್ತಂಭಕ್ಕೆ ಬರೋಣ. ಕ್ರಿ.ಪೂ. 280ರ ಸುಮಾರಿಗೆ ಕಟ್ಟಿದ್ದು, 100 ಮೀಟರಿಗಿಂತ ಎತ್ತರ ಇತ್ತು ಅಂತ ಅಂದಾಜು. ಸಾವಿರದ ಐನೂರು ವರ್ಷಕ್ಕೂ ಹೆಚ್ಚು ನಿಂತಿತ್ತು. ಬೀಳಿಸಿದ್ದು ಶತ್ರು ಅಲ್ಲ, ಭೂಕಂಪಗಳು. 1303ರದ್ದು ದೊಡ್ಡದು.

ಅದರ ಕೊನೆಗಾಲ ನೋಡಿದ ಒಬ್ಬ ನಮ್ಮ ಕರಾವಳಿಗೂ ಬಂದಿದ್ದ: ಇಬ್ನ್ ಬತೂತಾ. 1326ರಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಬಂದಾಗ ದೀಪಸ್ತಂಭದ ಒಂದು ಮಗ್ಗುಲು ಕುಸಿದಿತ್ತು, ಆದರೂ ಒಳಗೆ ಹೋಗಬಹುದಿತ್ತು. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಅಂತ ಬರೆದ. ಮಂಗಳೂರಿಗೂ ಬಂದ. ವಾಪಸ್ ಹೋಗ್ತಾ 1349ರಲ್ಲಿ ಮತ್ತೆ ದೀಪಸ್ತಂಭ ನೋಡಿದರೆ, ಬಾಗಿಲವರೆಗೂ ಹತ್ತೋಕಾಗದಷ್ಟು ಹಾಳಾಗಿತ್ತು. 1477ರಲ್ಲಿ ಸುಲ್ತಾನ್ ಕೈತ್‌ಬೇ ಅದೇ ಜಾಗದಲ್ಲಿ ಕೋಟೆ ಕಟ್ಟಿಸಿದ, ದೀಪಸ್ತಂಭದ ಕಲ್ಲುಗಳನ್ನೂ ಬಳಸಿಕೊಂಡ. ನೀವು ಈಗ ನೋಡೋದು ಆ ಕೋಟೆ.

ಉಳಿದ ಕಲ್ಲು ಎಲ್ಲಿ? ಕೋಟೆಯ ಕಾಲಬುಡದ ನೀರಲ್ಲಿ. 1990ರ ದಶಕದಲ್ಲಿ ಅಲೆ ತಡೆಯೋಕೆ ಅಂತ ಅಲ್ಲಿ ಕಾಂಕ್ರೀಟ್ ಬ್ಲಾಕ್ ಸುರಿಯತೊಡಗಿದರು. ಕೆಳಗೆ ಪ್ರಾಚೀನ ಕಲ್ಲುಗಳಿವೆ ಅಂತ ಗಲಾಟೆ ಎದ್ದಮೇಲೆ ಪುರಾತತ್ವದವರು ಮುಳುಗಿ ನೋಡಿದರು. ಸಾವಿರಾರು ಕಲ್ಲು, ಕಂಬ, ಪ್ರತಿಮೆ, ಸ್ಫಿಂಕ್ಸ್ ಸಿಕ್ಕವು.

ಆ ಕಾಂಕ್ರೀಟ್ ಸುರಿದವರನ್ನ ಬೈಯ್ಯೋದು ಸುಲಭ. ಆದರೆ ಅವರು ಹೆದರಿದ್ದು ಸುಳ್ಳಿಗಲ್ಲ. ಸಮುದ್ರ ಏರ್ತಿದೆ, ನೆಲ ಕುಸೀತಿದೆ, ದಂಡೆಯ ಹಳೇ ಕಟ್ಟಡಗಳ ತಳಪಾಯಕ್ಕೆ ಉಪ್ಪುನೀರು ಹೋಗ್ತಿದೆ, ಮನೆಗಳು ಬಿದ್ದು ಜನ ಸಾಯ್ತಿದ್ದಾರೆ. ಉಳ್ಳಾಲದ ಕಡಲಕೊರೆತ, ಅಲ್ಲಿ ಸುರಿದಿರೋ ಬಂಡೆಗಳನ್ನ ನೋಡಿದವರಿಗೆ ಆ ದಂಡೆ ಅಪರಿಚಿತ ಅನ್ಸಲ್ಲ. ಹಳೇ ಕಲ್ಲು ಉಳಿಸ್ಬೇಕಾ, ಈಗಿರೋ ಮನೆ ಉಳಿಸ್ಬೇಕಾ ಅನ್ನೋ ಪ್ರಶ್ನೆ ಬಂದರೆ ನಾನಂತೂ ಮನೆ ಅಂತೀನಿ. ನೀವು ಬೇರೆ ಹೇಳಬಹುದು.

ಭಾಗ 8

ಎರಡು ದಿನ ಇದ್ದರೆ ಹೀಗೆ ಮಾಡಿ.

ಮೊದಲ ದಿನ ಕೈತ್‌ಬೇ ಕೋಟೆಗೆ ಬೆಳಗ್ಗೆನೇ ಹೋಗಿ, ಆಮೇಲೆ ದಂಡೆಯ ರಸ್ತೆಯಲ್ಲಿ ನಡ್ಕೊಂಡು ಹೊಸ ಗ್ರಂಥಾಲಯದ ಕಡೆ ಬನ್ನಿ. ದೂರ ಇದೆ, ಕಾಲು ನೋವು ಬಂದರೆ ಮಿನಿಬಸ್ ಹತ್ತಿ. ಎಡಗಡೆ ಬಂದರಿನ ನೀರು ಇರುತ್ತಲ್ಲ, ರಾಜರ ಬಡಾವಣೆಯ ಒಂದು ಭಾಗ ಅದರಡಿ ಇದೆ.

ಎರಡನೇ ದಿನ ಸೆರಾಪಿಸ್ ದೇವಾಲಯ ಇದ್ದ ಜಾಗ. ಅಲ್ಲಿ ಸುಮಾರು 27 ಮೀಟರಿನ ಒಂಟಿ ಕಂಬ ನಿಂತಿದೆ. ಎಲ್ಲರೂ ಅದನ್ನ ಪಾಂಪೆ ಕಂಬ ಅಂತಾರೆ, ಆದರೆ ಪಾಂಪೆಗೂ ಅದಕ್ಕೂ ಸಂಬಂಧ ಇಲ್ಲ, ಚಕ್ರವರ್ತಿ ಡಯೊಕ್ಲೀಶಿಯನ್‌ನ ಗೌರವಕ್ಕೆ ನಿಲ್ಲಿಸಿದ್ದು. ಹತ್ತಿರದಲ್ಲೇ ಕೋಮ್ ಅಲ್ ಶುಕಾಫಾ ಅನ್ನೋ ನೆಲದಡಿಯ ಸಮಾಧಿಗಳು. 1900ರಲ್ಲಿ ಒಂದು ಕತ್ತೆ ಗುಂಡಿಗೆ ಬಿದ್ದು ಅದು ಪತ್ತೆಯಾಯ್ತಂತೆ. ನಾಯಿತಲೆಯ ಈಜಿಪ್ಟಿನ ದೇವರಿಗೆ ಅಲ್ಲಿ ರೋಮನ್ ಸೈನಿಕನ ಡ್ರೆಸ್ ಹಾಕಿದ್ದಾರೆ, ತಪ್ಪದೆ ನೋಡಿ.

ಸಂಜೆಗೆ ಕೋಮ್ ಅಲ್ ದಿಕ್ಕಾ ಇಟ್ಕೊಳ್ಳಿ, ರೈಲ್ವೆ ಸ್ಟೇಷನ್ ಹತ್ತಿರ. ಪ್ರವಾಸಿಗರು ಅಲ್ಲಿನ ರೋಮನ್ ರಂಗಮಂದಿರದ ಫೋಟೋ ತೆಗೆದು ಹೊರಟುಬಿಡ್ತಾರೆ. ನೀವು ಪಕ್ಕಕ್ಕೆ ಹೋಗಿ. ಸುಮಾರು 20 ಪಾಠದ ಕೋಣೆಗಳ ಸಾಲು ಇದೆ. ಮೂರು ಕಡೆ ಕಲ್ಲಿನ ಮೆಟ್ಟಿಲು ಬೆಂಚು, ತುದಿಯಲ್ಲಿ ಮೇಷ್ಟ್ರಿಗೆ ಎತ್ತರದ ಸೀಟು. ಕ್ರಿ.ಶ. 5ರಿಂದ 7ನೇ ಶತಮಾನದವರೆಗೂ, ಅಂದ್ರೆ "ಎಲ್ಲ ಸುಟ್ಟುಹೋಗಿತ್ತು" ಅಂತ ಫಾರ್ವರ್ಡ್‌ಗಳು ಹೇಳೋ ಕಾಲದಲ್ಲೂ, ಅಲ್ಲಿ ಕ್ಲಾಸ್ ನಡೀತಿತ್ತು. ಕಾವಲಿನವರು ಬಿಟ್ಟರೆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ನೆರಳು ಕಮ್ಮಿ, ಟೋಪಿ, ನೀರು ಇಟ್ಕೊಳ್ಳಿ. ಕೈರೋ ರೈಲಿನ ಟಿಕೆಟ್ ಮಾತ್ರ ಬೆಳಗ್ಗೆನೇ ತಗೊಂಡಿರಿ.